ಮಸೂದಾಳ ಸಿಹಿನೀರು

ಬದ್ರಾ ಹೆಂಗಸರ ಸ್ನಾನಗೃಹವಾದ ಹಮ್ಮಾಮಿನಿಂದ ಮನೆಗೆ ಬರುವ ಹೊತ್ತಿಗೆ ಅವಳ ಬೆರಳ ತುದಿಗಳು ನೆನೆಹಾಕಿದ ಕಡಲೆಯ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಸಂಜೆ ಐದರವರೆಗೆ ಬಿಸಿಕೋಣೆಯ ಕಲ್ಲಿನ ಮೇಲೆ ಕೂತು ಮದುವಣಗಿತ್ತಿಯರ, ಬಾಣಂತಿಯರ, ಮುದುಕಿಯರ ಬೆನ್ನು, ತೋಳು, ಹಿಮ್ಮಡಿ ಉಜ್ಜುವುದು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಇರೋದು ಎಂಥಾ ಸುಖ ಕಣೇ ಎಂದು ಯಾರಾದರೂ ಅಂದರೆ ಅವಳು ಮೊದಲು ಜಗಳ ಆಡುತ್ತಿದ್ದಳು. ಈಗ ಅದಕ್ಕೂ ತ್ರಾಣವಿರಲಿಲ್ಲ. ಏರುದಾರಿಯಲ್ಲಿ ಎರಡು ಕಡೆ ನಿಂತು, ಗೋಡೆ ಹಿಡಿದು ಉಸಿರು ತೆಗೆದುಕೊಂಡು, ಓಣಿಯ ಕೊನೆಯ ನೀಲಿ ಬಾಗಿಲು ತಳ್ಳಿದರೆ ಮನೆ.

ಮನೆ ಎಂದರೆ ಒಂದು ಅಂಗಳ, ಅಂಗಳದ ಮಧ್ಯೆ ಒಂದು ಅಂಜೂರದ ಮರ, ಆ ಕಡೆ ಒಂದು ಕೋಣೆ, ಈ ಕಡೆ ಒಂದು ಕೋಣೆ. ಈ ಕಡೆಯದು ಬದ್ರಾಳದು. ಆ ಕಡೆಯದು ಅವಳ ಸವತಿ ರಹ್ಮಾಳದು. ಇಬ್ಬರ ಗಂಡ, ಕದ್ದೂರ್ ಎಂದು ಅವನ ಹೆಸರು, ರೈಲ್ವೆ ಕಾರ್ಖಾನೆಯಲ್ಲಿದ್ದವನು, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ರಹ್ಮಾಳಿಗೆ ಮಕ್ಕಳಾಗಲಿಲ್ಲವೆಂದು ಅವನು ಬದ್ರಾಳನ್ನು ಮದುವೆಯಾಗಿ ತಂದ. ಬದ್ರಾಳಿಗೂ ಆಗಲಿಲ್ಲ. ಕೊರತೆ ಯಾರದೆಂದು ಆಮೇಲೆ ಓಣಿಗೆಲ್ಲ ಗೊತ್ತಾಯಿತು. ಆದರೆ ಅವನ ಮುಖಕ್ಕೆ ಹೇಳಬಹುದಾಗಿದ್ದವರು ಇಬ್ಬರೇ, ಆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ.

ಗಂಡ ಹೋದ ಮೇಲೂ ಅದೇ ರೂಢಿ ನಡೆಯಿತು. ಹೇಳಲೇಬೇಕಾದ ಮಾತಿದ್ದರೆ ಆಮೆಗೆ ಹೇಳುತ್ತಿದ್ದರು. ರಹ್ಮಾ ಮದುವೆಯಾಗಿ ಬಂದ ವರ್ಷ ಅವಳ ಅಪ್ಪ ಮುರ್ಜಾಜೊ ಗುಡ್ಡದಿಂದ ಹಿಡಿದು ತಂದುಕೊಟ್ಟ ಆಮೆ ಅದು. ಹೆಸರು ಮಸೂದಾ, ಭಾಗ್ಯವಂತೆ ಎಂದು. ನಲವತ್ತಾರು ವರ್ಷದಿಂದ ಅಂಗಳದಲ್ಲಿ ಓಡಾಡಿಕೊಂಡು, ಬಿದ್ದ ಅಂಜೂರ ತಿಂದುಕೊಂಡು, ಚಳಿಗಾಲದಲ್ಲಿ ಮರದ ಬುಡದ ಮಣ್ಣಿನಲ್ಲಿ ಹೂತುಕೊಂಡು ಇತ್ತು.

"ಮಸೂದಾ, ನೋಡೇ, ಮಹಾರಾಣಿ ದಯಮಾಡಿಸಿದ್ಲು," ಎಂದು ರಹ್ಮಾ ತನ್ನ ಬಾಗಿಲಲ್ಲಿ ಕುರಿಚರ್ಮದ ಮೇಲೆ ಕೂತು ಹೇಳುವಳು. "ಬಾಗಿಲು ಹಾಕೋಕೆ ಕೈಯಿಲ್ಲ ಪಾಪ."

"ಮಸೂದಾ, ದಿನವಿಡೀ ಕೂತಿರೋರು ಎದ್ದು ಹಾಕ್ಬಹುದಲ್ವಾ, ಕೇಳು," ಎಂದು ಬದ್ರಾ ಹೇಳಿ, ಒಳಗೆ ಹೋಗಿ ಮಲಗುವಳು.

ಆ ವರ್ಷ ಜೂನ್ ತಿಂಗಳ ಒಂದು ಸಂಜೆ ಅವಳು ಬಂದಾಗ ರಹ್ಮಾ ಆಮೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಬದ್ರಾ," ಎಂದಳು.

ಬದ್ರಾ ಅಂಗಳದ ನಡುವೆ ನಿಂತುಬಿಟ್ಟಳು. ಸವತಿಯ ಬಾಯಿಂದ ತನ್ನ ಹೆಸರು ಕೇಳಿದ್ದು ಯಾವಾಗಲೋ. ಕದ್ದೂರನ ಹೆಣ ಹೊತ್ತ ದಿನ ಇರಬೇಕು.

"ಇವಳು ಒಂಬತ್ತು ದಿನದಿಂದ ಏನೂ ತಿಂದಿಲ್ಲ. ಕಣ್ಣು ತೆಗೀತಿಲ್ಲ. ನೀನು ಮೈ ನೋಡಿದವಳು, ಸ್ವಲ್ಪ ನೋಡು."

ಬದ್ರಾಳಿಗೆ ಕಾಲು ತೊಳೆದು ಮಲಗಿದರೆ ಸಾಕಾಗಿತ್ತು. ಆದರೂ ಬಂದು ಕುಕ್ಕರಗಾಲಲ್ಲಿ ಕೂತಳು. ಆಮೆಯ ಕಣ್ಣು ಗುಳಿಬಿದ್ದಿತ್ತು. ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಮಡಿಕೆ ಹಾಗೇ ನಿಂತಿತು, ಕೆಳಗಿಳಿಯಲೇ ಇಲ್ಲ. ಭೇದಿಯಾದ ಹಸುಗೂಸುಗಳ ಹೊಟ್ಟೆಯ ಮೇಲೆ ಇಂಥ ಮಡಿಕೆಯನ್ನು ಅವಳು ಹಮ್ಮಾಮಿನಲ್ಲಿ ನೋಡಿದ್ದಳು. ಕೈಯಲ್ಲಿ ತೂಗಿ ನೋಡಿದರೆ ಖಾಲಿ ಮಡಕೆಯಷ್ಟು ಹಗುರ.

"ಇವಳ ಮೈಯಲ್ಲಿ ನೀರಿಲ್ಲ ಲಲ್ಲಾ. ಒಣಗಿದಾಳೆ," ಎಂದು ಹಿರಿಯಳನ್ನು ಕರೆಯುವ ಮರ್ಯಾದೆಯಲ್ಲೇ ಹೇಳಿದಳು.

"ದಿನಾ ಬಟ್ಟಲಲ್ಲಿ ನೀರಿಡ್ತೀನಿ."

"ಸಿಹಿನೀರು ತಾನೇ?"

"ಮತ್ತಿನ್ನೇನು ಕೊಡ್ತಾರೆ? ನನ್ನ ಮಸೂದಾಗೆ ನಲ್ಲಿ ನೀರು ಕೊಡ್ತೀನಾ?" ರಹ್ಮಾಳ ದನಿ ಏರಿತು.

ಅವರ ಓರಾನ್ ಪಟ್ಟಣದಲ್ಲಿ ನಲ್ಲಿ ನೀರೆಂದರೆ ಸವುಳು ನೀರು. ನೆಲ ಒರೆಸಲು, ಬಟ್ಟೆ ಒಗೆಯಲು ಅದು. ಅದೂ ಮೂರು ದಿನಕ್ಕೊಮ್ಮೆ. ಕುಡಿಯಲು, ಕಾಫಿಗೆ, ಬೇಳೆ ಬೇಯಿಸಲು ಬುಜಿಯಾನ್ ಎಂಬವನು ಬೆಟ್ಟದ ಆಚೆಯ ಊಟೆಯಿಂದ ಟ್ರ್ಯಾಕ್ಟರಿನ ಹಿಂದೆ ತೊಟ್ಟಿ ಕಟ್ಟಿಕೊಂಡು ತರುವ ಸಿಹಿನೀರು. ಅವನು ನಡುಮಧ್ಯಾಹ್ನ ಓಣಿಯ ಬಾಯಿಗೆ ಬಂದು ಗಂಟೆ ಬಾರಿಸುವನು. ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುವರು. ಆ ಹೊತ್ತಿಗೆ ಬದ್ರಾ ಕೆಲಸದಲ್ಲಿ ಇರುತ್ತಿದ್ದುದರಿಂದ ಬಾಗಿಲ ಹೊರಗೆ ಅವಳು ಇಟ್ಟು ಹೋದ ಕ್ಯಾನನ್ನು ಅವನೇ ತುಂಬಿ ಇಟ್ಟು ಹೋಗುತ್ತಿದ್ದ.

ಮಂಗಳವಾರ ಅವಳಿಗೆ ರಜೆ. ವಾರಕ್ಕೆ ಅದೊಂದೇ ದಿನ ಬೆಳಕು ಹರಿದ ಮೇಲೂ ಮಲಗಬಹುದಾದದ್ದು. ಆ ಮಂಗಳವಾರ ಅವಳು ಹಮ್ಮಾಮಿನ ತಾಮ್ರದ ಬಕೆಟ್ಟಿನೊಳಗೆ ಹಳೇ ಟವಲು ಹಾಸಿ, ಅದರಲ್ಲಿ ಆಮೆಯನ್ನು ಇಟ್ಟು, ಕಸಾಯಿಖಾನೆಯ ಪಕ್ಕ ಕೂರುವ ಪ್ರಾಣಿವೈದ್ಯನ ಬಳಿಗೆ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು "ಅಯ್ಯೋ, ನೋಡೋಣ!" ಎಂದು ಕೇಳದೆಯೇ ಕೈಹಾಕಿ ಆಮೆಯನ್ನು ಎತ್ತಿ ಮಗುಚಿದಳು. ಮಸೂದಾ ಬೆದರಿ ಬದ್ರಾಳ ಮಡಿಲ ತುಂಬ ಉಚ್ಚೆ ಹೊಯ್ಯಿತು.

"ಥೂ! ನಿನ್ನ ಆಮೆಗೆ ಮರ್ಯಾದೆ ಕಲಿಸಿಲ್ವೇನೇ?" ಎಂದಳು ಆ ಹೆಂಗಸು.

"ಅವಳು ಕಲ್ತಿದಾಳೆ. ಕೈ ಹಾಕೋರು ಕಲೀಬೇಕು," ಎಂದು ಬದ್ರಾ ಒದ್ದೆ ಲಂಗವನ್ನು ಹಿಂಡುತ್ತ ಹೇಳಿದಳು. ಉಳಿದ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು.

ವೈದ್ಯ ಮೊಕ್ದಾದ್ ಬೆಳಗಿನಿಂದ ಕಡಿದ ಕುರಿಗಳ ಕರುಳು, ಈಲಿ ಪರೀಕ್ಷಿಸಿ ಸುಸ್ತಾದ ಮನುಷ್ಯ. ಬಕೆಟ್ಟಿನೊಳಗೆ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ.

"ಅಮ್ಮಾ, ಇಲ್ಲಿಗೆ ಜನ ಕುರಿ ತರ್ತಾರೆ, ಹಸು ತರ್ತಾರೆ. ಆಮೆ ತಂದೋರು ನೀವೇ ಮೊದಲು."

"ನಂಗೂ ಇದು ಮೊದಲನೇ ಸಲಾನೇ ಡಾಕ್ಟ್ರೇ. ಬೇಗ ನೋಡಿ, ನಿಂತ್ಕೊಳ್ಳೋಕೆ ಆಗ್ತಿಲ್ಲ."

ಅವನು ಅವಳಿಗೆ ಒಂದು ಸ್ಟೂಲು ಎಳೆದುಕೊಟ್ಟ. ಆಮೆಯ ಬಾಯಿ ಬಿಡಿಸಿ ನೋಡಿದ, ಬಾಲದ ಹತ್ತಿರ ಒತ್ತಿದ. ಒಂದು ಚೂರು ಬಿಳಿ ಪುಡಿ ಬಂತು. ಬೆರಳುಗಳ ನಡುವೆ ಉಜ್ಜಿ ಅವಳಿಗೂ ಉಜ್ಜಲು ಕೊಟ್ಟ. ಮರಳಿನ ಹಾಗೆ ಚುಚ್ಚಿತು.

"ಉಚ್ಚೆ ಜೊತೆ ಬರೋ ಈ ಬಿಳಿ, ಕಲಸಿದ ಸುಣ್ಣದ ಹಾಗೆ ಮೆತ್ತಗಿರಬೇಕು. ಒಳಗೆ ನೀರಿಲ್ಲದೆ ಗಟ್ಟಿಯಾಗ್ತಿದೆ. ಹೀಗೇ ಬಿಟ್ರೆ ಕಲ್ಲಾಗತ್ತೆ. ದಾರೀಲಿ ಉಚ್ಚೆ ಹೊಯ್ತಾ?"

"ನನ್ನ ಮೇಲೇ."

"ಅದು ಅದರ ಉಳಿತಾಯದ ನೀರಮ್ಮಾ. ಒಳಗೆ ಚೀಲದಲ್ಲಿ ತಿಂಗಳುಗಟ್ಟಲೆ ಕೂಡಿಟ್ಕೊಂಡಿರತ್ತೆ. ಹೆದರಿಸಿದ್ರೆ ಎಲ್ಲಾ ಚೆಲ್ಲಿಬಿಡತ್ತೆ. ಇನ್ಮೇಲೆ ಎತ್ತೋದಾದ್ರೆ ಎರಡೂ ಕೈ ಅಗಲ ಮಾಡಿ, ಮಟ್ಟವಾಗಿ, ನಿಧಾನ." ಆಮೇಲೆ ಅವನು ಒಂದೊಂದೇ ಹೇಳಿದ. ದಿನಾ ಅರ್ಧ ಗಂಟೆ ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕು. ನೀರು ಮೇಲಿನ ಚಿಪ್ಪು ಕೆಳಗಿನ ಚಿಪ್ಪು ಸೇರುವ ಗೆರೆಯಷ್ಟು ಬಂದರೆ ಸಾಕು, ತಲೆ ಎತ್ತಿದರೆ ಹೊರಗಿರಬೇಕು. ಆಳವಾದರೆ ಮುಳುಗುತ್ತದೆ. ದಿನಾ ಹೊಸ ನೀರು, ಯಾಕೆಂದರೆ ಅದರಲ್ಲೇ ಕುಡಿಯುತ್ತದೆ, ಅದರಲ್ಲೇ ಹೇಲುತ್ತದೆ. ಗೋಣಿಸೊಪ್ಪು ತೊಳೆದು ನೀರು ಜಾಡಿಸದೆ ಇಡಬೇಕು. "ಸಿಹಿನೀರೇ ತಾನೇ ಕೊಡ್ತಿರೋದು? ನಲ್ಲೀದಲ್ಲ?"

"ಸಿಹಿನೀರೇ ಅಂತೆ."

"ಹಾಗಿದ್ರೆ ಹತ್ತು ದಿನದಲ್ಲಿ ಏಳ್ತಾಳೆ."

ಅಂದು ಸಂಜೆಯಿಂದ ಶುರುವಾಯಿತು. ಹನ್ನೊಂದು ಗಂಟೆ ಮನುಷ್ಯರ ಮೈ ತೊಳೆದು ಬಂದು ಆಮೆಗೆ ಸ್ನಾನ ಮಾಡಿಸುವುದು. ಬಾವಿಯ ಹಾಗೆ ಆಳವಿದ್ದ ಬಕೆಟ್ಟು ಬೇಡವೆಂದು ಬದ್ರಾ ಹಿಟ್ಟು ನಾದುವ ಅಗಲ ಬೋಗುಣಿ ತಂದಳು. ನೀರು ಮಾತ್ರ ರಹ್ಮಾ ತನ್ನ ಕ್ಯಾನಿನದೇ ಆಗಬೇಕೆಂದು ಹಟ ಹಿಡಿದಳು.

"ಮಸೂದಾ ನನ್ನವಳು. ಅವಳ ನೀರೂ ನಂದೇ. ನಾಳೆ ನೀನು ಓಣಿಯಲ್ಲೆಲ್ಲಾ ಸಾರಿಕೊಂಡು ಬರೋದು ಬೇಡ."

"ಆಯ್ತು ಮಾರಾಯ್ತಿ, ನಿಮ್ಮ ನೀರಲ್ಲೇ ಮುಳುಗ್ಲಿ."

ಮೊಣಕೈ ಅದ್ದಿ ಬಿಸಿ ನೋಡಿ, ಆಮೆಯನ್ನು ಮೆಲ್ಲಗೆ ಇಳಿಸುವಳು. ಆಮೆ ತಲೆಯನ್ನು ಒಳಗೆ ಎಳೆದುಕೊಂಡು ಕಲ್ಲಿನ ಹಾಗೆ ಕೂರುತ್ತಿತ್ತು. ಅರ್ಧ ಗಂಟೆ ಬದ್ರಾ ಪಕ್ಕದಲ್ಲೇ ಕಾವಲು. ರಹ್ಮಾ ಬಾಗಿಲಿನಿಂದ "ಕುಡಿದ್ಲಾ?" ಎಂದು ಕೇಳುವಳು. "ಇಲ್ಲ." ಮತ್ತೆ ಸ್ವಲ್ಪ ಹೊತ್ತಿಗೆ, "ಈಗ?" "ಇಲ್ಲ ಅಂದ್ನಲ್ಲ." ಒಂದು ದಿನ, ಎರಡು ದಿನ, ಮೂರು ದಿನ. ಮೂಗನ್ನು ನೀರಿಗೆ ತಾಗಿಸಿದ ಕೂಡಲೇ ಆಮೆ ಮುಖ ತಿರುಗಿಸಿ ಬೋಗುಣಿಯ ಅಂಚನ್ನು ಕೆರೆಯುತ್ತಿತ್ತು. ನಾಲ್ಕನೆಯ ದಿನ ಕೆರೆಯುವುದನ್ನೂ ಬಿಟ್ಟಿತು. ಮುಂಗಾಲು ಚಾಚಿದ್ದು ಚಾಚಿದ ಹಾಗೇ ಇತ್ತು. ಬದ್ರಾಳಿಗೆ ಅದು ಸಾಯುತ್ತದೆ ಅನ್ನಿಸಿತು. ಸತ್ತರೆ ಈ ಅರ್ಧ ಗಂಟೆ ಉಳಿಯುತ್ತದಲ್ಲ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಪಡುವಷ್ಟೂ ಶಕ್ತಿ ಅವಳಲ್ಲಿರಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

"ತಗೋ," ಎಂದಳು ರಹ್ಮಾ. ಸ್ಟವ್ವಿನ ಮೇಲೆ ಕಾಫಿ ಮಾಡಿದ್ದಳು. ಕೂತಲ್ಲಿಂದಲೇ ಲೋಟವನ್ನು ನೆಲದ ಮೇಲೆ ಬದ್ರಾಳ ಕಡೆಗೆ ತಳ್ಳಿದಳು. "ವಿಷ ಹಾಕಿಲ್ಲ. ಹಾಕೋದಾಗಿದ್ರೆ ಇಪ್ಪತ್ತೈದು ವರ್ಷದ ಹಿಂದೇನೇ ಹಾಕ್ತಿದ್ದೆ."

ಬದ್ರಾಳಿಗೆ ನಗು ಬಂತು. ಲೋಟ ಎತ್ತಿ ಒಂದು ಗುಟುಕು ಕುಡಿದಳು. ಬಾಯಿಯಲ್ಲೇ ಹಿಡಿದುಕೊಂಡು ಕೂತಳು. ಆಮೇಲೆ ಅಂಗಳಕ್ಕೆ ಉಗಿದಳು.

"ಇದೇನಿದು?"

"ಕಾಫಿ."

"ಉಪ್ಪು!"

"ಸಕ್ಕರೆ ಕಮ್ಮಿಯಾಗಿರಬೇಕು."

ಬದ್ರಾ ಎದ್ದಳು. ಬೋಗುಣಿಯ ನೀರಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟಳು. ಸವತಿಯನ್ನು ದಾಟಿಕೊಂಡು ಒಳಗೆ ನುಗ್ಗಿದಳು. ಆ ಕೋಣೆಯೊಳಗೆ ಅವಳು ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಮೂಲೆಯಲ್ಲಿದ್ದ ಕ್ಯಾನು ಬಗ್ಗಿಸಿ ಅಂಗೈಯಲ್ಲಿ ಹಿಡಿದು ಕುಡಿದಳು. ಹೂಜಿಯ ನೀರು ಕುಡಿದಳು. ಎಲ್ಲಾ ಒಂದೇ. ಹೊರಗೆ ಬಂದಳು.

"ಎಷ್ಟು ದಿನದಿಂದ?"

ರಹ್ಮಾ ಮೊಣಕಾಲಿನ ಮೇಲಿದ್ದ ಬಟ್ಟೆಯನ್ನು ಸರಿಮಾಡಿಕೊಂಡಳು. ಆಗ ಬದ್ರಾ ಆ ಕಾಲುಗಳನ್ನು ನೋಡಿದಳು. ಪಾದಗಳು ಬಾತು ಹೊಳೆಯುತ್ತಿದ್ದವು. ಚಪ್ಪಲಿಯ ಗುರುತು ಮಾಂಸದೊಳಗೆ ಕೂತಿತ್ತು. ದಿನಕ್ಕೆ ಮೂವತ್ತು ಜನರ ಕಾಲು ನೋಡುವವಳು ಅಂಗಳದ ಆಚೆಗಿದ್ದ ಈ ಕಾಲುಗಳನ್ನು ನೋಡಿರಲಿಲ್ಲ.

"ಕೇಳ್ತಿರೋದು ನಿನ್ನನ್ನೇ. ಎಷ್ಟು ದಿನದಿಂದ ನಲ್ಲಿ ನೀರು ಕುಡೀತಿದ್ದೀಯ?" ಮದುವೆಯಾಗಿ ಬಂದಂದಿನಿಂದ ಹಿರಿಯವಳೆಂದು ಆಡುತ್ತಿದ್ದ 'ನೀವು' ಅವಳಿಗೆ ಗೊತ್ತಿಲ್ಲದೆಯೇ ಬಿದ್ದುಹೋಯಿತು.

"ಚಳಿಗಾಲ ಮುಗಿದಾಗಿಂದ," ಎಂದಳು ರಹ್ಮಾ. "ಮಂಡಿ ಹೋಯ್ತು. ಓಣಿಯ ಬಾಯಿವರೆಗೆ ಹೋಗೋಕೆ ಆಗಲ್ಲ. ಆ ಬುಜಿಯಾನ್ ಗಂಟೆ ಹೊಡೆದು ಇಷ್ಟು ಹೊತ್ತಲ್ಲಿ ಹೊರಟುಬಿಡ್ತಾನೆ. ಅಭ್ಯಾಸವಾಯ್ತು. ನಮ್ಮ ಹಿರಿಯರೆಲ್ಲಾ ಅದನ್ನೇ ಕುಡಿದು ಬದುಕಿದ್ರು."

"ಕ್ಯಾನು ನನ್ನ ಕ್ಯಾನಿನ ಪಕ್ಕ ಇಡಬಾರದಿತ್ತಾ? ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ತಂದುಕೊಡ್ತಿದ್ದೆ."

"ಹೂಂ ಮತ್ತೆ!"

"ಅದಕ್ಕೇ ಹೇಳಲಿಲ್ಲ."

ಬದ್ರಾ ನಿಂತೇ ಇದ್ದಳು. ತನ್ನ ಕ್ಯಾನು ಎಷ್ಟೋ ತಿಂಗಳಿಂದ ಬಾಗಿಲಲ್ಲಿ ಒಂಟಿಯಾಗಿ ನಿಂತಿತ್ತು, ಅದನ್ನು ದಿನಾ ಎತ್ತಿಕೊಂಡು ಒಳಗೆ ಬಂದಿದ್ದಳು. ಇನ್ನೊಂದು ಎಲ್ಲಿ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆಗಲೇ ಒಳಗೆ ಹೋಗಿರಬೇಕು ಅಂದುಕೊಂಡಿದ್ದಳು. ಅಂದುಕೊಂಡಿದ್ದಳೋ ಇಲ್ಲವೋ ಅದೂ ಈಗ ನೆನಪಿಗೆ ಬರಲಿಲ್ಲ. ಸಂಕಟವಾಯಿತು. ಸಂಕಟಕ್ಕಿಂತ ಮೊದಲು ಬಂದದ್ದು ದಣಿವು. ಇನ್ನೊಂದು ಕ್ಯಾನು, ಇಪ್ಪತ್ತು ಲೀಟರು, ಇನ್ನು ಮೇಲೆ ಬದುಕಿರುವವರೆಗೆ.

ಒಳಗೆ ಹೋಗಿ ತನ್ನ ಕ್ಯಾನನ್ನು ಎಳೆದುಕೊಂಡು ಬಂದಳು. ಬೋಗುಣಿಯನ್ನು ಮೋರಿಗೆ ಬಗ್ಗಿಸಿ, ತೊಳೆದು, ಸಿಹಿನೀರು ಹಾಕಿ, ಸ್ವಲ್ಪ ಬಿಸಿ ಬೆರೆಸಿ, ಆಮೆಯನ್ನು ಮತ್ತೆ ಕೂರಿಸಿದಳು. ಹೂಜಿಯನ್ನೂ ತುಂಬಿದಳು. ಒಂದು ಲೋಟ ತುಂಬಿ ರಹ್ಮಾಳ ಮುಂದೆ ಕುಕ್ಕಿದಳು.

"ಕುಡಿ. ನನ್ನ ಕಣ್ಣ ಮುಂದೆ ಕುಡಿ."

ರಹ್ಮಾ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಒಂದೇ ಸಲಕ್ಕೆ ಕುಡಿದಳು. ಇನ್ನೊಂದು ಬೇಕೆಂದು ಕೇಳಲಿಲ್ಲ. ಬದ್ರಾ ಕೇಳದೆಯೇ ತುಂಬಿದಳು. ಅದನ್ನೂ ಕುಡಿದಳು.

ಬೋಗುಣಿಯಲ್ಲಿ ಸಣ್ಣಗೆ ಸದ್ದಾಯಿತು. ಆಮೆ ಕುತ್ತಿಗೆಯನ್ನು ಪೂರ್ತಿ ಹೊರಗೆ ಚಾಚಿ ಮುಖವನ್ನು ಕಣ್ಣಿನವರೆಗೆ ನೀರಿಗಿಟ್ಟಿತ್ತು. ಗಂಟಲು ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು. ಇಬ್ಬರು ಹೆಂಗಸರೂ ಬಗ್ಗಿ ನೋಡಿದರು. ಬಹಳ ಹೊತ್ತು ಅದು ತಲೆ ಎತ್ತಲಿಲ್ಲ.

ಮಾರನೆಯ ದಿನದಿಂದ ಬಾಗಿಲಲ್ಲಿ ಎರಡು ಕ್ಯಾನು ಇದ್ದವು. ಎರಡು ದಿನ ಎಲ್ಲ ಸರಿಯಾಗಿತ್ತು. ಮೂರನೆಯ ದಿನ ಬುಜಿಯಾನ್ ಬರಲಿಲ್ಲ. ಊಟೆಯ ಪಂಪು ಕೆಟ್ಟಿದೆ, ವಾರವಾಗಬಹುದು ಎಂದು ಓಣಿಯಲ್ಲಿ ಸುದ್ದಿಯಾಯಿತು. ಬೇರೆ ಓಣಿಯ ಟ್ರ್ಯಾಕ್ಟರುಗಳಿಗೆ ಜನ ಮುಗಿಬಿದ್ದರು. ಉಳಿದಿದ್ದ ನೀರನ್ನು ಬದ್ರಾ ಲೋಟದಲ್ಲಿ ಅಳೆದಳು. ಇಬ್ಬರಿಗೆ ಕುಡಿಯಲು ಎರಡು ದಿನಕ್ಕೆ ಬರುತ್ತಿತ್ತು. ಬೋಗುಣಿಗೆ ದಿನಕ್ಕೆ ನಾಲ್ಕು ಲೀಟರು ಬೇಕು.

"ನನ್ನ ಪಾಲಿಂದು ಅವಳಿಗೆ ಹಾಕು," ಎಂದಳು ರಹ್ಮಾ. "ನಾನು ನಲ್ಲೀದೇ..."

"ಬಾಯಿ ಮುಚ್ಚು," ಎಂದಳು ಬದ್ರಾ.

ಹಮ್ಮಾಮಿನ ಕೆಳಗೆ ಹಳೇ ಕಾಲದ ಒಂದು ನೆಲತೊಟ್ಟಿ ಇತ್ತು. ಚಳಿಗಾಲದಲ್ಲಿ ಬಿದ್ದ ಮಳೆನೀರು ಚಾವಣಿಯಿಂದ ಇಳಿದು ಅದರಲ್ಲಿ ತುಂಬುತ್ತಿತ್ತು. ಸ್ನಾನಕ್ಕೆಲ್ಲ ಬಾವಿಯ ಸವುಳು ನೀರೇ; ಮಳೆನೀರು ಮದುವಣಗಿತ್ತಿಯರ ಕೂದಲಿಗೆ ಮಾತ್ರ. ಬೀಗದ ಕೈ ಯಜಮಾನಿ ಹಜ್ಜಾ ಮಾಮಿಯಾಳ ಸೊಂಟದಲ್ಲಿ. ಆಕೆ ಬಾಗಿಲ ಬಳಿ ಎತ್ತರದ ಪೀಠದ ಮೇಲೆ ಕೂತು ಬಂದವರ ಬಟ್ಟೆಯ ಗಂಟು ಕಾಯುವ ದಪ್ಪ ಹೆಂಗಸು.

"ಹಜ್ಜಾ, ದಿನಕ್ಕೆ ಒಂದು ಕ್ಯಾನು ಮಳೆನೀರು ಬೇಕಿತ್ತು. ಒಂದು ವಾರ."

"ಯಾರ ಮದುವೆ?"

"ಮದುವೆ ಇಲ್ಲ. ಮನೆಯಲ್ಲಿ ಕಾಯಿಲೆ."

"ಯಾರಿಗೆ?"

ಬದ್ರಾಳಿಗೆ ಸುಳ್ಳು ಹೇಳಲು ಬೇಸರವಾಯಿತು. "ಆಮೆಗೆ."

ಹಜ್ಜಾ ಮಾಮಿಯಾ ನಕ್ಕ ರೀತಿಗೆ ಒಳಗೆ ಬಟ್ಟೆ ಬಿಚ್ಚುತ್ತಿದ್ದ ಹೆಂಗಸರು ಇಣುಕಿ ನೋಡಿದರು. "ಕೇಳಿದ್ರೇನ್ರೇ? ನನ್ನ ಮಳೆನೀರು ಆಮೆಯ ಕೂದಲು ತೊಳೆಯೋಕಂತೆ! ಯಾರದೇ ಆಮೆ?"

"ನನ್ನ ಸವತೀದು."

ನಗು ನಿಂತಿತು. ಹಜ್ಜಾ ಮುಂದಕ್ಕೆ ಬಗ್ಗಿ ಅವಳ ಮುಖ ನೋಡಿದಳು. ಆಕೆಯೂ ಎರಡನೆಯ ಹೆಂಡತಿಯಾಗಿಯೇ ಬಾಳಿದವಳು.

"ಸವತಿಯ ಆಮೆಗೆ ನೀರು ಹೊರ್ತೀಯಾ? ಬುದ್ಧಿ ಕೆಟ್ಟಿದೆಯೇನೇ ನಿಂಗೆ?"

"ಕೆಟ್ಟಿರಬೇಕು. ಆಮೆಗೊಂದೇ ಅಲ್ಲ, ಅವಳಿಗೂ ಬೇಕು. ಕೊಡ್ತೀರಾ ಇಲ್ವಾ? ಒಳಗೆ ಹೆಂಗಸು ಕಲ್ಲಿನ ಮೇಲೆ ಕಾಯ್ತಿದಾಳೆ."

"ಧರ್ಮಕ್ಕೆ ಕೊಟ್ಟರೆ ನಾಳೆ ಓಣಿಯೆಲ್ಲಾ ಬರತ್ತೆ. ಬರೋ ಎರಡು ಮಂಗಳವಾರ ಮದುವೆ ದಿಬ್ಬಣ ಇದೆ. ರಜೆ ಬಿಟ್ಟು ಬಾ. ಕೊಡ್ತೀನಿ."

ಬದ್ರಾ ತಲೆ ಆಡಿಸಿದಳು. ಎರಡು ಮಂಗಳವಾರ ಎಂದರೆ ಎಷ್ಟು ಎನ್ನುವುದು ಬಿಸಿಕೋಣೆಯೊಳಗೆ ಹೋಗಿ ಕೂತ ಮೇಲೆ ಅರ್ಥವಾಯಿತು.

ಹೀಗೆ ಏಳು ದಿನ ಅವಳು ಸಂಜೆ ಇಪ್ಪತ್ತು ಲೀಟರಿನ ಕ್ಯಾನು ಹೊತ್ತುಕೊಂಡು ಏರು ಹತ್ತಿದಳು. ಮೊದಲು ಕೈಯಲ್ಲಿ, ಕೈ ಸೋತ ಮೇಲೆ ಬೆನ್ನಿಗೆ ಶಾಲಿನಿಂದ ಕಟ್ಟಿಕೊಂಡು, ಮಗುವನ್ನು ಕಟ್ಟಿಕೊಂಡವರ ಹಾಗೆ. ಎರಡು ಕಡೆ ನಿಲ್ಲುತ್ತಿದ್ದವಳು ಈಗ ಆರು ಕಡೆ ನಿಂತಳು. ಮನೆಗೆ ಬಂದು ಮೊದಲು ಹೂಜಿ, ಆಮೇಲೆ ಬೋಗುಣಿ. ರಹ್ಮಾ ಕೂತಲ್ಲೇ ಗೋಣಿಸೊಪ್ಪು ಬಿಡಿಸಿ ನೀರಲ್ಲಿ ಅದ್ದಿ ಇಟ್ಟಿರುತ್ತಿದ್ದಳು. ಬೋಗುಣಿಯ ಕೊಳೆನೀರು ಪುದೀನದ ಕುಂಡಕ್ಕೆ ಹೋಗುತ್ತಿತ್ತು. ಆಮೆಯ ಮೂಲಕ ಮಾತಾಡುವುದು ಯಾವಾಗ ನಿಂತಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಕಾಯಿಲೆ ಬಿದ್ದವಳ ಹತ್ತಿರ ಸುದ್ದಿ ಹೊರಿಸುವುದು ಸರಿಯಲ್ಲ ಎಂದೋ ಏನೋ. ಈಗ ನೇರವಾಗಿಯೇ ಬೈದುಕೊಳ್ಳುತ್ತಿದ್ದರು.

"ನೀರು ಜಾಸ್ತಿಯಾಯ್ತು, ಮೂಗು ಮುಳುಗ್ತಿದೆ."

"ಗೆರೆವರೆಗೇ ಇದೆ. ನಿಂಗೆ ಕಣ್ಣು ಕಾಣಲ್ಲ."

"ತಣ್ಣಗಾಗಿರಬೇಕು."

"ಹಾಗಿದ್ರೆ ನೀನೂ ಬಂದು ಕೂತ್ಕೋ, ಗೊತ್ತಾಗತ್ತೆ."

ಐದನೆಯ ಸಂಜೆ ಆಮೆ ಬೋಗುಣಿಯಲ್ಲಿ ಹಿಂಗಾಲು ಎತ್ತಿ ತಿಣುಕಿತು. ಮರಳು ಮರಳಾದ ಒಂದು ಬಿಳಿ ಉಂಡೆ ಹೊರಬಂತು, ಅದರ ಹಿಂದೆಯೇ ಮೊಸರಿನಂಥದ್ದು. ಬದ್ರಾ ಅದನ್ನು ಅಂಗೈಯಲ್ಲಿ ಹಿಡಿದು ಅಂಗಳ ದಾಟಿ ರಹ್ಮಾಳಿಗೆ ತೋರಿಸಿದಳು. ಇಬ್ಬರೂ ಬೆರಳಲ್ಲಿ ಉಜ್ಜಿ ನೋಡಿದರು. ಮೆತ್ತಗಿತ್ತು. ಹೊರಗಿನವರು ಯಾರಾದರೂ ಆಗ ಬಂದಿದ್ದರೆ ಇಬ್ಬರಿಗೂ ಹುಚ್ಚು ಅನ್ನುತ್ತಿದ್ದರು. ರಹ್ಮಾ ಬೇರೆ ಕಡೆ ಮುಖ ತಿರುಗಿಸಿ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು. ಅದರ ಮರುದಿನ ಮಸೂದಾ ಒಂದು ಗೋಣಿಸೊಪ್ಪಿನ ದಂಟನ್ನು ಪೂರ್ತಿ ತಿಂದಿತು.

ರಹ್ಮಾಳ ಪಾದಗಳ ಬಾವು ಸ್ವಲ್ಪ ಇಳಿಯಿತು. ಮಂಡಿ ಮಾತ್ರ ಹಾಗೇ ಉಳಿಯಿತು. ಬುಜಿಯಾನ್ ಎಂಟನೆಯ ದಿನ ಗಂಟೆ ಬಾರಿಸುತ್ತ ಬಂದ. ಆದರೆ ಮಾತು ಕೊಟ್ಟದ್ದು ಕೊಟ್ಟದ್ದೇ. ಎರಡನೆಯ ಮಂಗಳವಾರವೂ ಬದ್ರಾ ಹೋಗಬೇಕಾಯಿತು. ಆ ದಿನದ ದಿಬ್ಬಣದಲ್ಲಿ ನಲವತ್ತು ಹೆಂಗಸರು. ಹಾಡು, ಕೇಕೆ, ಗೋರಂಟಿ, ಮಕ್ಕಳ ಅಳು. ಮದುವಣಗಿತ್ತಿಯ ಅತ್ತೆ "ಇನ್ನೂ ಜೋರಾಗಿ ಉಜ್ಜೇ, ಉಪವಾಸ ಇದ್ದೀಯಾ?" ಎಂದು ಮೂರು ಸಲ ಅಂದಳು. ಹದಿನಾಲ್ಕು ದಿನ ರಜೆಯಿಲ್ಲದೆ ಉಜ್ಜಿದ ತೋಳು ಸಂಜೆಯ ಹೊತ್ತಿಗೆ ತನ್ನದಲ್ಲ ಅನ್ನಿಸುತ್ತಿತ್ತು.

ಮನೆಗೆ ಬಂದು ಬದ್ರಾ ನೀರು ಕಾಯಿಸಿ, ಬೋಗುಣಿಯನ್ನು ಮರದ ಕೆಳಗಿಟ್ಟು, ಮಸೂದಾಳನ್ನು ಇಳಿಸಿದಳು. ರಹ್ಮಾಳ ಗೋಡೆಗೆ ಒರಗಿ ಕೂತಳು. ಕಣ್ಣುಗಳನ್ನು ಒಂದು ಗಳಿಗೆ ಮಾತ್ರ ಮುಚ್ಚೋಣ ಎಂದುಕೊಂಡಳು.

ಎಚ್ಚರವಾದಾಗ ಬಾಂಗು ಕೂಗುತ್ತಿತ್ತು. ಬಿಸಿಲು ಗೋಡೆಯ ತುದಿಗೆ ಏರಿತ್ತು. ನೀರು ತಣ್ಣಗಾಗಿರುತ್ತದೆ, ಆಮೆ ಮುಳುಗಿರುತ್ತದೆ. ತಡಬಡಿಸಿ ತಿರುಗಿ ನೋಡಿದರೆ ಬೋಗುಣಿ ಖಾಲಿಯಾಗಿ ಮರಕ್ಕೆ ಒರಗಿ ನಿಂತಿತ್ತು. ಅದರ ಪಕ್ಕದಲ್ಲಿ, ತನ್ನ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ರಹ್ಮಾ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಲಂಗ ಒದ್ದೆಯಾಗಿತ್ತು. ಅಂಗಳದ ಧೂಳಿನಲ್ಲಿ ಅವಳು ಕುಂಡೆ ಎಳೆದುಕೊಂಡು ಬಂದ ಗುರುತು ಉದ್ದಕ್ಕೂ ಬಿದ್ದಿತ್ತು. ಆಮೆ ಅವಳ ತಲೆವಸ್ತ್ರದೊಳಗೆ ಸುತ್ತಿಕೊಂಡು ಮಡಿಲಲ್ಲಿತ್ತು. ರಹ್ಮಾಳ ಬಿಳಿ ಕೂದಲು ಬಿಚ್ಚಿ ಭುಜದ ಮೇಲೆ ಬಿದ್ದಿತ್ತು. ಅದನ್ನು ಬದ್ರಾ ಅದುವರೆಗೆ ನೋಡಿರಲಿಲ್ಲ.

"ಎಬ್ಬಿಸಬಾರದಿತ್ತಾ?"

"ಕೂಗ್ದೆ. ಬಂದರಿನ ಹಡಗಿನ ಹಾಗೆ ಗೊರಕೆ ಹೊಡೀತಿದ್ದೆ. ಇರಲಿ ಅಂತ ನಾನೇ ಬಂದೆ."

"ಹೆಂಗೆ ಎತ್ತಿದೆ?"

"ಎರಡೂ ಕೈ ಅಗಲ ಮಾಡಿ, ಮಟ್ಟವಾಗಿ. ಒಂದು ತೊಟ್ಟೂ ಚೆಲ್ಲಲಿಲ್ಲ ಇವಳು." ರಹ್ಮಾ ಮಂಡಿ ನೀವಿಕೊಂಡು ಹೇಳಿದಳು, "ಈಗ ನನ್ನನ್ನ ಎತ್ತು. ಏಳೋಕೆ ಆಗ್ತಿಲ್ಲ."

"ತಾಳು. ನಂಗೂ ಆಗ್ತಿಲ್ಲ."

ಬದ್ರಾ ಗೋಡೆ ಬಿಟ್ಟು ಕೈಯೂರಿಕೊಂಡು ಹೋಗಿ ಮರದ ಕೆಳಗೆ ಅವಳ ಪಕ್ಕದಲ್ಲೇ ಕೂತಳು. ಇಬ್ಬರ ಕಾಲುಗಳೂ ಚಾಚಿದ್ದವು. ನೆಲ ಇನ್ನೂ ಬೆಚ್ಚಗಿತ್ತು. ಬಾಂಗು ಮುಗಿಯಿತು. ಮಸೂದಾ ಬಟ್ಟೆಯಿಂದ ಬಿಡಿಸಿಕೊಂಡು ಇಳಿದು ಪುದೀನದ ಕುಂಡದ ಕಡೆಗೆ ಹೊರಟಿತು. ಯಾರೂ ತಡೆಯಲಿಲ್ಲ.

"ನಾಳೆ ಕೆಲಸಕ್ಕೆ ಹೋಗಬೇಡ," ಎಂದಳು ರಹ್ಮಾ.

"ಹೋಗದೆ?"

"ಮಲಗು. ಬಾಗಿಲಿಗೆ ಬಂದೋರಿಗೆ ಸತ್ತುಹೋದ್ಲು ಅಂತ ಹೇಳ್ತೀನಿ."

"ನಿನಗೆ ಅದು ಖುಷಿಯ ಕೆಲಸ," ಎಂದಳು ಬದ್ರಾ.

ಆಮೇಲೆ, ಹಮ್ಮಾಮಿನಲ್ಲಿ ಮುದುಕಿಯರನ್ನು ಕಲ್ಲಿನ ಮೇಲಿಂದ ಎಬ್ಬಿಸುವ ಹಾಗೆ, ಹಿಂದಿನಿಂದ ಬಂದು ರಹ್ಮಾಳ ಎರಡೂ ಕಂಕುಳಿಗೆ ತೋಳು ಕೊಟ್ಟು, ಕಾಲು ಅಗಲಿಸಿ ನಿಂತು, ಎತ್ತಿದಳು.